ಅಭಿಮಾನಮೇರುವಿನ ವಿಷಾದ

ಮಾನ್ಯಖೇಟದ ಪುಷ್ಪದಂತ ಕವಿಯಲ್ಲಿ ಮೌಲ್ಯ, ಭಾವವಿವೇಕ ಮತ್ತು ಮನಃಸ್ವಾಸ್ಥ್ಯ

ವ್ರತನಿಷ್ಠನಾದ ಶ್ರಾವಕನಿಗೆ ಮನೋವ್ಯಾಧಿ ಬಾರದು ಎಂಬ ನಂಬಿಕೆ ಜೈನ ಮನೆತನಗಳಲ್ಲಿ ಇಂದಿಗೂ ಉಳಿದಿದೆ. ನಿತ್ಯ ದೇವದರ್ಶನ, ಪರ್ವದಿನಗಳಲ್ಲಿ ಉಪವಾಸ, ರಾತ್ರಿಭೋಜನ ತ್ಯಾಗ, ಮಿತ ಪರಿಗ್ರಹ, ಇಷ್ಟೆಲ್ಲ ಇದ್ದ ಮೇಲೆ ಮನಸ್ಸು ಕುಗ್ಗಲು ಕಾರಣವೇನು ಎಂಬ ಪ್ರಶ್ನೆ ಹಿರಿಯರ ಬಾಯಲ್ಲಿ ಸಹಜವಾಗಿಯೇ ಬರುತ್ತದೆ. ಪ್ರಶ್ನೆಯ ಹಿಂದೆ ಸದುದ್ದೇಶವಿದ್ದರೂ ಕುಗ್ಗಿದವನ ಕಿವಿಗೆ ಅದು ಆರೋಪವಾಗಿ ಕೇಳಿಸುತ್ತದೆ. ಇದರಿಂದ ಎರಡು ಅನರ್ಥಗಳು ಸಂಭವಿಸುತ್ತವೆ. ನೊಂದವನು ತನ್ನ ನೋವನ್ನು ಧರ್ಮಾಚರಣೆಯ ಕೊರತೆಯೆಂದು ಬಗೆದು ಒಳಗೇ ಇಟ್ಟುಕೊಳ್ಳುತ್ತಾನೆ. ಮನೆಯವರು ಅದನ್ನು ಕುಲಕ್ಕೆ ತಟ್ಟಿದ ಕಳಂಕವೆಂದು ತಿಳಿದು ಮರೆಮಾಡುತ್ತಾರೆ. ಚಿಕಿತ್ಸೆಗೆ ಸಲ್ಲಬೇಕಾದ ಕಾಲ ಹೀಗೆ ಕಳೆದುಹೋಗುತ್ತದೆ.

ಈ ನಂಬಿಕೆಯನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿಯೇ ರಚಿತವಾದ ಒಂದು ಜೈನ ಮಹಾಕಾವ್ಯ ಅದಕ್ಕೆ ಉತ್ತರವನ್ನು ತನ್ನ ಒಡಲಲ್ಲಿಟ್ಟುಕೊಂಡಿದೆ. ಕಾವ್ಯದ ಹೆಸರು ‘ಮಹಾಪುರಾಣ’; ಕವಿ ಪುಷ್ಪದಂತ; ಭಾಷೆ ಅಪಭ್ರಂಶ. ತ್ರಿಷಷ್ಟಿ ಶಲಾಕಾಪುರುಷರ ಚರಿತೆಯನ್ನು 102 ಸಂಧಿಗಳಲ್ಲಿ ಹೇಳುವ ಈ ಗ್ರಂಥದಲ್ಲಿ ಕವಿ ತನ್ನ ಮನಸ್ಸಿನ ಸ್ಥಿತಿಯನ್ನು ಕುರಿತು ತಾನೇ ಬರೆದುಕೊಂಡಿರುವ ಭಾಗಗಳಿವೆ. ಇತಿಹಾಸಜ್ಞರು ಅವುಗಳನ್ನು ಕಾಲನಿರ್ಣಯಕ್ಕೆ ಬಳಸಿದ್ದಾರೆ. ಆದರೆ ಅವು ಮನಸ್ಸಿನ ದಾಖಲೆಗಳೂ ಹೌದು. ಸಾವಧಾನವಾಗಿ ಓದಿದವರಿಗೆ ಅವುಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೌಲ್ಯವು ಮನುಷ್ಯನಿಗೆ ದಿಕ್ಕನ್ನು ತೋರುತ್ತದೆ. ತನ್ನ ಮತ್ತು ಪರರ ಭಾವವನ್ನು ಅರಿಯುವ ವಿವೇಕ ಅದರ ಜೊತೆಗೂಡದಿದ್ದರೆ ಆ ಮೌಲ್ಯವೇ ಅವನನ್ನು ಒಂಟಿಯಾಗಿಸಬಲ್ಲದು. ನೊಂದವನಲ್ಲಿ ಆ ವಿವೇಕ ಬತ್ತಿಹೋದ ಹೊತ್ತಿನಲ್ಲಿ ಅದು ಅವನ ಬಳಿಯಿರುವವನಲ್ಲಿ ಇರಬೇಕಾಗುತ್ತದೆ.

ಮಳಖೇಡ ಮತ್ತು ಕವಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಜನರಿಗೆ ಮಳಖೇಡ ನಿತ್ಯದ ಹಾದಿಯ ಊರು. ಕಾಗಿಣಾ ನದಿಯ ದಂಡೆ, ಶಿಥಿಲವಾದ ಕೋಟೆ, ನೇಮಿನಾಥ ಬಸದಿ, ಸುತ್ತಲೂ ಸುಣ್ಣಕಲ್ಲಿನ ನೆಲ ಮತ್ತು ಸಿಮೆಂಟು ಕಾರ್ಖಾನೆಗಳು. ರಾಷ್ಟ್ರಕೂಟರ ರಾಜಧಾನಿಯಾಗಿ ಮಾನ್ಯಖೇಟವೆನಿಸಿಕೊಂಡಿದ್ದ ಈ ಊರನ್ನು ಜೈನ ಸಮಾಜ ನೆನೆಯುವುದು ಬಹುಮಟ್ಟಿಗೆ ನೃಪತುಂಗ ಅಮೋಘವರ್ಷನ ಮೂಲಕ: ಆಚಾರ್ಯ ಜಿನಸೇನರ ಶಿಷ್ಯನಾದ ಅರಸ, ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ, ಗಣಿತಜ್ಞ ಮಹಾವೀರಾಚಾರ್ಯರು ಹೊಗಳಿದ ಆಳ್ವಿಕೆ. ಆ ಕೀರ್ತಿಯ ಬೆಳಕಿನಲ್ಲಿ ಒಂದು ಶತಮಾನದ ಅನಂತರ ಇದೇ ಊರಿಗೆ ಕಾಲ್ನಡಿಗೆಯಲ್ಲಿ ಬಂದ ಪುಷ್ಪದಂತ ಹಿಂದೆ ಸರಿದಿದ್ದಾನೆ.

ಪುಷ್ಪದಂತನು ಕಾಶ್ಯಪಗೋತ್ರದ ಬ್ರಾಹ್ಮಣ. ತಂದೆ ಕೇಶವಭಟ್ಟ, ತಾಯಿ ಮುಗ್ಧಾದೇವಿ. ಮೊದಲು ಶಿವಭಕ್ತರಾಗಿದ್ದ ಅವರು ಅನಂತರ ಜೈನಧರ್ಮವನ್ನು ಅವಲಂಬಿಸಿದರು. ಕವಿ ಮಾನ್ಯಖೇಟವನ್ನು ತಲಪಿದಾಗ ಮುಮ್ಮಡಿ ಕೃಷ್ಣ ರಾಷ್ಟ್ರಕೂಟ ಸಿಂಹಾಸನದಲ್ಲಿದ್ದನು. ಅರಸನ ಮಂತ್ರಿ ಭರತನ ಆಶ್ರಯದಲ್ಲಿ ಕ್ರಿ.ಶ. 959ರಲ್ಲಿ ಆರಂಭವಾದ ಮಹಾಪುರಾಣ 965ರಲ್ಲಿ ಮುಗಿಯಿತು. ಅದೇ ಅರಸನಿಂದ ಪೊನ್ನನು ಉಭಯಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದನು. ಪುಷ್ಪದಂತನಿಗೆ ಅಂತಹ ರಾಜಮನ್ನಣೆಯ ಹಂಬಲವಿರಲಿಲ್ಲ. ಅವನ ಉಪನಾಮಗಳಲ್ಲಿ ಒಂದು ‘ಅಭಿಮಾನಮೇರು’, ಇನ್ನೊಂದು ‘ಕಾವ್ಯಪಿಶಾಚ’. ತಾನು ಕೃಶನು, ಕುರೂಪಿ, ಮನೆಯಿಲ್ಲದವನು, ಮಡದಿಮಕ್ಕಳಿಲ್ಲದವನು ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಪುರಾಣಕವಿಗಳು ತಮ್ಮ ವಿನಯವನ್ನು ತೋರಲು ಬಳಸುವ ಸಾಂಪ್ರದಾಯಿಕ ಮಾತುಗಳಿಗಿಂತ ಈ ಮಾತುಗಳು ಬೇರೆಯಾಗಿವೆ. ಇಲ್ಲಿ ಒಬ್ಬ ಮನುಷ್ಯನ ಬದುಕಿನ ಲೆಕ್ಕವಿದೆ. ಆ ಲೆಕ್ಕದ ಕೊನೆಯಲ್ಲಿ ಉಳಿಕೆ ಕಡಿಮೆ.

ನಗರದ ಹೊರಗಿನ ತೋಪು

ಗ್ರಂಥಾರಂಭದ ವೃತ್ತಾಂತ ಇದು. ದೀರ್ಘಪ್ರಯಾಣದಿಂದ ಬಳಲಿದ ಕವಿ ಮಾನ್ಯಖೇಟದ ಹೊರಗಿನ ತೋಪಿನಲ್ಲಿ ಕುಳಿತಿರುತ್ತಾನೆ. ಇಬ್ಬರು ಪುರುಷರು ಅಲ್ಲಿಗೆ ಬಂದು, ಈ ನಿರ್ಜನದಲ್ಲಿ ಇರುವುದೇಕೆ, ನಗರದೊಳಗೆ ಬರಬಾರದೇಕೆ ಎಂದು ವಿಚಾರಿಸುತ್ತಾರೆ. ದುರ್ಜನರ ಗಂಟಿಕ್ಕಿದ ಹುಬ್ಬನ್ನು ನೋಡುವುದಕ್ಕಿಂತ ಬೆಟ್ಟದ ಗುಹೆಯಲ್ಲಿ ಹುಲ್ಲು ತಿಂದು ಸಾಯುವುದೇ ಲೇಸು ಎಂಬ ಭಾವದ ಉತ್ತರ ಕವಿಯಿಂದ ಬರುತ್ತದೆ. ರಾಜ್ಯಲಕ್ಷ್ಮಿಯ ದೋಷಗಳನ್ನೂ ಅರಸರ ದರ್ಪವನ್ನೂ ಅವನು ಎಣಿಸಿ ಎಣಿಸಿ ಹೇಳುತ್ತಾನೆ.

ಈ ಉತ್ತರವನ್ನು ಕವಿಯ ನಿಸ್ಪೃಹತೆಗೆ ಸಾಕ್ಷಿಯೆಂದು ಹೊಗಳುವುದು ಸುಲಭ. ಆ ಹೊಗಳಿಕೆ ಅರ್ಧ ಸತ್ಯ. ಸ್ತುತಿಪಾಠಕನಾಗಲಾರೆನೆಂಬ ನಿಲುವು ನಿಸ್ಸಂಶಯವಾಗಿ ಒಂದು ಉನ್ನತ ಮೌಲ್ಯ. ಆದರೆ ಒಬ್ಬ ಅರಸನಲ್ಲಿ ಕಂಡ ದೋಷವನ್ನು ಇನ್ನೂ ಕಾಲಿಡದ ನಗರಕ್ಕೆ ಆರೋಪಿಸುವುದು, ಕ್ಷೇಮ ವಿಚಾರಿಸಲು ಬಂದವರ ಮುಂದೆ ಮರಣವನ್ನು ಬಯಸುವುದು, ಇವು ಮೌಲ್ಯದ ಮಾತುಗಳಾಗಿರದೆ ಗಾಯದ ಮಾತುಗಳಾಗಿವೆ. ಈ ಎರಡನ್ನೂ ಕವಿ ಒಂದೇ ಉಸಿರಿನಲ್ಲಿ ಆಡುತ್ತಾನೆ. ಅವುಗಳ ಅಂತರ ಆ ಗಳಿಗೆಯಲ್ಲಿ ಅವನಿಗೇ ಕಾಣುತ್ತಿಲ್ಲ. ಆತ್ಮಗೌರವವು ಎಲ್ಲಿ ಮುಗಿದು ಮಾನಕಷಾಯ ಎಲ್ಲಿ ಆರಂಭವಾಗುತ್ತದೆ ಎಂಬುದು ಶಾಸ್ತ್ರದಲ್ಲಿ ಸ್ಪಷ್ಟವಾಗಿದ್ದರೂ ಎದೆಯೊಳಗೆ ಅಷ್ಟು ಸ್ಪಷ್ಟವಾಗಿರುವುದಿಲ್ಲ. ನಷ್ಟವಾದ ವರ್ತಕನು ಪೇಟೆಗೆ ಹೋಗುವುದನ್ನು ಬಿಟ್ಟು ತನ್ನ ಪ್ರಾಮಾಣಿಕತೆಯನ್ನೇ ಅದಕ್ಕೆ ಕಾರಣವೆಂದು ಹೇಳುವುದುಂಟು. ಅವನು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಪ್ರಾಮಾಣಿಕತೆಯ ಹೆಸರಿನಲ್ಲಿ ಅವಮಾನವೂ ಮಾತನಾಡುತ್ತಿರುತ್ತದೆ.

ಭರತಮಂತ್ರಿಯ ನಡೆ

ಆ ಇಬ್ಬರು ಪುರುಷರು ಕವಿಯ ಕಟುನುಡಿಗೆ ಬೇಸರಿಸದೆ ಭರತನ ಗುಣಗಳನ್ನು ತಿಳಿಸಿ ಅವನನ್ನು ಮಂತ್ರಿಯ ಮನೆಗೆ ಕರೆತಂದರು. ಆಮೇಲೆ ನಡೆದುದು ಕಾವ್ಯಚರಿತ್ರೆಯಷ್ಟೇ ಮನಃಶಾಸ್ತ್ರಕ್ಕೂ ಸೇರಿದ ಸಂಗತಿ. ಭರತನು ಕವಿಯನ್ನು ಎದುರ್ಗೊಂಡು ಆದರಿಸಿದನು. ಸ್ನಾನ, ವಸ್ತ್ರ, ಭೋಜನಗಳ ವ್ಯವಸ್ಥೆ ಮಾಡಿದನು. ಕವಿ ಕೆಲವು ದಿನ ವಿಶ್ರಮಿಸಿದ ಮೇಲೆಯೇ ಕಾವ್ಯದ ಮಾತನ್ನು ಎತ್ತಿದನು. ಎತ್ತಿದ ರೀತಿಯೂ ವಿಶೇಷವಾದುದು. ಕವಿ ಹಿಂದೆ ಒಬ್ಬ ಅರಸನನ್ನು ಸ್ತುತಿಸಿದ್ದನು. ಅದರಿಂದ ಉಂಟಾದ ಮಿಥ್ಯಾತ್ವಕ್ಕೆ ಆದಿನಾಥನ ಚರಿತೆಯ ರಚನೆಯೇ ಪ್ರಾಯಶ್ಚಿತ್ತವಾಗಬಲ್ಲದೆಂದು ಭರತನು ಸೂಚಿಸಿದನು.

ಈ ಸೂಚನೆಯಲ್ಲಿ ಅಡಗಿರುವ ಸೂಕ್ಷ್ಮವನ್ನು ಗಮನಿಸಬೇಕು. ಆದುದಾಯಿತು, ಮರೆತುಬಿಡು ಎಂದು ಭರತನು ಹೇಳಲಿಲ್ಲ. ನಿನ್ನ ಅಭಿಮಾನ ಅತಿಯಾಯಿತೆಂದು ಬುದ್ಧಿ ಹೇಳಲಿಲ್ಲ. ಕವಿಯ ಕೋಪದ ಕೆಳಗೆ ತನ್ನ ಬಗೆಗೇ ಇರುವ ಜುಗುಪ್ಸೆಯನ್ನು ಅವನು ಕಂಡನು. ಅನರ್ಹನೊಬ್ಬನನ್ನು ಹೊಗಳಿದ ನಾಲಗೆ ತನ್ನದೇ ಎಂಬ ಸಂಕಟಕ್ಕೆ ಕವಿಯ ಮೌಲ್ಯಗಳ ಒಳಗಿನಿಂದಲೇ ಒಂದು ಪರಿಹಾರವನ್ನು ತೋರಿಸಿದನು. ಮೊದಲು ದೇಹಕ್ಕೆ ವಿಶ್ರಾಂತಿ, ಆಮೇಲೆ ಮನಸ್ಸಿಗೆ ಕೇಳುವ ಕಿವಿ, ಕೊನೆಗೆ ಮೌಲ್ಯಕ್ಕೆ ಒಪ್ಪುವ ಕೆಲಸ. ಈ ಕ್ರಮ ತಪ್ಪಿದ್ದರೆ ಕವಿ ಮರುದಿನವೇ ತೋಪಿಗೆ ಹಿಂದಿರುಗುತ್ತಿದ್ದನೆಂದು ಊಹಿಸಲು ಅಡ್ಡಿಯಿಲ್ಲ.

ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1990ರಲ್ಲಿ ‘ಇಮೋಷನಲ್ ಇಂಟೆಲಿಜೆನ್ಸ್’ ಎಂಬ ಪರಿಕಲ್ಪನೆಯನ್ನು ವಿವರಿಸಿದರು. ಕನ್ನಡದಲ್ಲಿ ಅದನ್ನು ಭಾವವಿವೇಕ ಎನ್ನಬಹುದು. 1997ರಲ್ಲಿ ಅವರು ಅದಕ್ಕೆ ನಾಲ್ಕು ಅಂಗಗಳನ್ನು ಹೇಳಿದರು: ಭಾವವನ್ನು ಗುರುತಿಸುವುದು, ಆಲೋಚನೆಗೆ ಅದನ್ನು ನೆರವಾಗಿಸಿಕೊಳ್ಳುವುದು, ಅದರ ಕಾರಣ ಮತ್ತು ಗತಿಯನ್ನು ಅರಿಯುವುದು, ಅದನ್ನು ಹದವಾಗಿ ನಿರ್ವಹಿಸುವುದು. ಈ ನಾಲ್ಕೂ ಭರತಮಂತ್ರಿಯ ನಡೆಯಲ್ಲಿ ಕ್ರಮವಾಗಿ ಕಾಣುತ್ತವೆ. ಹತ್ತನೆಯ ಶತಮಾನದಲ್ಲಿಯೇ ಎಲ್ಲವೂ ತಿಳಿದಿತ್ತೆಂದು ಹೆಮ್ಮೆಪಡುವುದು ಇಲ್ಲಿನ ಉದ್ದೇಶವಲ್ಲ. ಶಾಸ್ತ್ರವಾಗಿ ಹೆಸರು ಪಡೆಯುವ ಮೊದಲೂ ಒಳ್ಳೆಯ ಮನುಷ್ಯರು ಅದನ್ನು ಆಚರಿಸುತ್ತಿದ್ದರೆಂಬುದಷ್ಟೇ ಇಲ್ಲಿ ಮುಖ್ಯ.

ಕಾವ್ಯದ ನಡುವಣ ಮೌನ

ಭರತನ ಮನೆ ದೊರೆತ ಮಾತ್ರಕ್ಕೆ ಕವಿಯ ಮನಸ್ಸು ಸ್ಥಿರವಾಗಲಿಲ್ಲವೆಂಬುದೇ ಈ ವೃತ್ತಾಂತದ ಪ್ರಾಮಾಣಿಕತೆ. ಮೊದಲ 37 ಸಂಧಿಗಳಲ್ಲಿ ಆದಿಪುರಾಣ ಮುಗಿಯಿತು. ಮುಂದೆ ಉತ್ತರಪುರಾಣವನ್ನು ಕೈಗೊಳ್ಳಬೇಕಾದಲ್ಲಿ ಕವಿ ನಿಂತುಬಿಟ್ಟನು. ಯಾವುದೋ ಕಾರಣದಿಂದ ಮನಸ್ಸು ಕೆಲವು ದಿನ ಖಿನ್ನವಾಯಿತೆಂದು 38ನೆಯ ಸಂಧಿಯ ಆರಂಭದಲ್ಲಿ ಅವನೇ ಬರೆಯುತ್ತಾನೆ. ಕನಸಿನಲ್ಲಿ ಸರಸ್ವತಿ ಕಾಣಿಸಿಕೊಂಡು ಅರ್ಹಂತನಿಗೆ ನಮಿಸೆಂದು ಹೇಳುತ್ತಾಳೆ. ಎಚ್ಚೆತ್ತು ಸುತ್ತಲೂ ನೋಡಿದರೆ ಯಾರೂ ಇಲ್ಲ. ಆಗ ಭರತನು ಬಂದು ಕೈಮುಗಿದು, ತನ್ನಿಂದ ಅಪರಾಧವೇನಾದರೂ ನಡೆಯಿತೆ, ಕಾವ್ಯದಲ್ಲಿ ಮನಸ್ಸು ನಿಲ್ಲುತ್ತಿಲ್ಲವೆ ಎಂದು ವಿಚಾರಿಸುತ್ತಾನೆ.

ಜಿನಚರಿತೆಯನ್ನೇ ಬರೆಯುತ್ತಿದ್ದ ಕೈ ನಿಂತಿತೆಂಬುದು ಈ ಪ್ರಸಂಗದ ಮೊದಲ ಪಾಠ. ತೀರ್ಥಂಕರನ ಗುಣಕೀರ್ತನೆಯಲ್ಲಿ ವರ್ಷಗಳನ್ನು ಕಳೆದವನಿಗೂ ವಿಷಾದ ತಪ್ಪಲಿಲ್ಲ. ಅದಕ್ಕೆ ಖಚಿತವಾದ ಕಾರಣವನ್ನೂ ಕವಿ ಹೇಳುವುದಿಲ್ಲ. ಕಾರಣ ತಿಳಿಯದ ಖಿನ್ನತೆಯನ್ನು ಕಾರಣ ತಿಳಿಯದೆಂದೇ ದಾಖಲಿಸಿದ ಧೈರ್ಯ ಅವನದು. ಇಂದಿನ ವೈದ್ಯಭಾಷೆಯ ರೋಗನಾಮಗಳನ್ನು ಅವನಿಗೆ ಅಂಟಿಸುವುದು ಉಚಿತವಲ್ಲ. ಸಾವಿರ ವರ್ಷಗಳ ಅಂತರದಲ್ಲಿ ಅಂತಹ ನಿರ್ಣಯ ಸಾಧ್ಯವೂ ಇಲ್ಲ.

ಎರಡನೆಯ ಪಾಠ ಭರತನ ಪ್ರಶ್ನೆಯಲ್ಲಿದೆ. ಅವನು ಆಶ್ರಯದಾತ, ರಾಜ್ಯದ ಮಂತ್ರಿ. ಕೆಲಸ ಏಕೆ ನಿಂತಿತೆಂದು ಲೆಕ್ಕ ಕೇಳುವ ಅಧಿಕಾರ ಅವನಿಗಿತ್ತು. ಅವನು ಮೊದಲು ಶಂಕಿಸಿದ್ದು ತನ್ನನ್ನು. ನನ್ನಿಂದ ತಪ್ಪಾಯಿತೆ ಎಂಬ ಪ್ರಶ್ನೆ ಕುಗ್ಗಿದವನ ಮೇಲಿನ ಆರೋಪದ ಭಾರವನ್ನು ಇಳಿಸುತ್ತದೆ. ಆಗ ಕವಿ ಬಾಯಿಬಿಡುತ್ತಾನೆ. ಕಾಲದ ಕಾಠಿಣ್ಯವನ್ನು, ಜನರ ನಿರ್ಗುಣತೆಯನ್ನು ಹೇಳಿಕೊಂಡು, ಧನ ತನಗೆ ತೃಣಸಮಾನ, ನಿಷ್ಕಾರಣವಾದ ಸ್ನೇಹಕ್ಕಾಗಿ ಮಾತ್ರ ಈ ಮನೆಯಲ್ಲಿರುವೆನೆಂದು ತಿಳಿಸಿ ಲೇಖನಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾನೆ. ಅಭಿಮಾನಮೇರು ತನ್ನ ಅಭಿಮಾನವನ್ನು ಬಿಟ್ಟುಕೊಡಲಿಲ್ಲವೆಂಬುದನ್ನು ಮರೆಯಬಾರದು. ಅದೇ ಮೌಲ್ಯ, ಸ್ನೇಹದ ಸಮೀಪದಲ್ಲಿ, ಕಾವ್ಯಕ್ಕೆ ಬಲವಾಯಿತು.

ಬಾಹುಬಲಿಯ ಮನಸ್ಸಿನ ಎಳೆ

ಪುಷ್ಪದಂತನು ಮೌನಕ್ಕೆ ಮೊದಲು ಮುಗಿಸಿದ ಭಾಗದಲ್ಲಿ ಭರತ ಚಕ್ರವರ್ತಿ ಮತ್ತು ಬಾಹುಬಲಿಯರ ಕಥೆಯಿದೆ. ಪಂಪನ ಆದಿಪುರಾಣದ (ಕ್ರಿ.ಶ. 941) ಮೂಲಕ ಅದು ಕನ್ನಡಿಗರಿಗೆ ಮನೆಮಾತು. ಮೌಲ್ಯ ಮತ್ತು ಭಾವಗಳ ಸಂಬಂಧವನ್ನು ಕುರಿತು ಜೈನ ಪರಂಪರೆ ಹೇಳಿದ ಅತ್ಯಂತ ಗಂಭೀರವಾದ ಮಾತು ಈ ಕಥೆಯ ಕೊನೆಯಲ್ಲಿದೆ. ಗೆದ್ದ ರಾಜ್ಯವನ್ನು ತೊರೆದು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತವನಿಗೂ ಕೇವಲಜ್ಞಾನ ತಡವಾಯಿತು. ತ್ಯಾಗದಲ್ಲಿ ಕೊರತೆಯಿರಲಿಲ್ಲ, ಮನಸ್ಸಿನಲ್ಲಿ ಒಂದು ಎಳೆ ಉಳಿದಿತ್ತು.

ಆ ಎಳೆ ಯಾವುದೆಂಬಲ್ಲಿ ಪರಂಪರೆಗಳು ಬೇರೆಬೇರೆಯಾಗುತ್ತವೆ. ಜನಪ್ರಿಯ ಕಥನದಲ್ಲಿ ತಾನು ನಿಂತ ನೆಲ ಅಣ್ಣನದೆಂಬ ಕೊರಗು. ಶ್ವೇತಾಂಬರ ಕಥನದಲ್ಲಿ ತನಗಿಂತ ಮೊದಲು ದೀಕ್ಷೆ ಪಡೆದ ಕಿರಿಯ ತಮ್ಮಂದಿರಿಗೆ ನಮಿಸಬೇಕಲ್ಲ ಎಂಬ ಮಾನ. ಸೋದರಿಯರಾದ ಬ್ರಾಹ್ಮಿ ಮತ್ತು ಸುಂದರಿಯರು ಬಂದು ಆನೆಯಿಂದ ಇಳಿಯೆಂದು ಎಚ್ಚರಿಸುತ್ತಾರೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಆ ಎಳೆ ಇನ್ನೂ ಮೃದುವಾದುದು: ತನ್ನಿಂದ ಭರತನಿಗೆ ಸಂಕ್ಲೇಶವಾಯಿತು ಎಂಬ ಭಾವ. ಅಮೋಘವರ್ಷನ ಗುರುಗಳು ಕಂಡ ಬಾಹುಬಲಿಯನ್ನು ಹಿಡಿದು ನಿಲ್ಲಿಸಿದ್ದು ಪರರ ನೋವಿಗೆ ತಾನು ಕಾರಣನಾದೆನೆಂಬ ವ್ಯಥೆ. ಭರತನು ಬಂದು ಪೂಜಿಸಿದಾಗ ಆ ವ್ಯಥೆ ಕರಗಿತು.

ಮೂರು ಕಥನಗಳಲ್ಲಿಯೂ ಸಮಾನವಾದ ಅಂಶವೊಂದಿದೆ. ಉಳಿದ ಭಾವವು ಇನ್ನಷ್ಟು ಕಠಿಣವಾದ ತಪಸ್ಸಿನಿಂದ ಕರಗಲಿಲ್ಲ. ಒಡಹುಟ್ಟಿದವರು ಎದುರು ಬಂದಾಗ ಕರಗಿತು. ಹುತ್ತ ಬೆಳೆದು ಬಳ್ಳಿ ಹಬ್ಬಿದ ಮೂರ್ತಿಯನ್ನು ಅಚಲತೆಯ ಸಂಕೇತವೆಂದು ಪೂಜಿಸುವ ಸಮಾಜ, ಆ ಅಚಲತೆಯೊಳಗೆ ಒಂದು ಸಂಬಂಧದ ಗಂಟು ಬಿಡಿಸಲು ಕಾದಿತ್ತೆಂಬುದನ್ನೂ ನೆನೆಯಬೇಕು. ಚಕ್ರವರ್ತಿ ಭರತ ಮತ್ತು ಮಂತ್ರಿ ಭರತ ಇಬ್ಬರ ಹೆಸರೂ ಒಂದಾಗಿರುವುದು ಆಕಸ್ಮಿಕ. ಇಬ್ಬರೂ ಮೌನವಾಗಿ ನಿಂತವನ ಬಳಿಗೆ ತಾವೇ ಹೋದರು ಎಂಬುದು ಮಾತ್ರ ಆಲೋಚಿಸತಕ್ಕ ಸಾಮ್ಯ.

ಶಾಸ್ತ್ರದ ಅನುಮತಿ

ಕಾವ್ಯದಲ್ಲಿ ಕಂಡುದನ್ನು ತತ್ತ್ವಶಾಸ್ತ್ರವೂ ಸಮರ್ಥಿಸುತ್ತದೆ. ಅರತಿ, ಶೋಕ, ಭಯ, ಜುಗುಪ್ಸೆಗಳನ್ನು ಕರ್ಮಸಿದ್ಧಾಂತವು ನೋಕಷಾಯಗಳೆಂದು ಎಣಿಸಿ ಚಾರಿತ್ರಮೋಹನೀಯ ಕರ್ಮದ ಉದಯದಲ್ಲಿ ಇಡುತ್ತದೆ. ಸಂಸಾರಿಯಾದ ಜೀವಕ್ಕೆ ಅವು ಅಪರಿಚಿತವಲ್ಲ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನವನ್ನು ವಿವರಿಸುವಾಗ ಅನಿಷ್ಟದ ಸಂಯೋಗ, ಇಷ್ಟದ ವಿಯೋಗ, ವೇದನೆ, ನಿದಾನ ಎಂಬ ನಾಲ್ಕು ಬಗೆಗಳನ್ನು ಹೇಳಿ, ಅದು ಅವಿರತನಿಗೆ, ದೇಶವಿರತನಿಗೆ, ಪ್ರಮತ್ತಸಂಯತನಾದ ಮುನಿಗೂ ಸಂಭವಿಸಬಲ್ಲದೆಂದು ತಿಳಿಸುತ್ತದೆ. ಮಹಾವ್ರತಿಗೂ ಸಂಭವಿಸಬಹುದಾದುದು ಅಣುವ್ರತಿಗೆ ಬಂದಾಗ ಅದನ್ನು ನಾಚಿಕೆಯ ವಿಷಯವೆಂದು ಬಗೆಯಲು ಯಾವ ಆಧಾರವಿದೆ? ಅದೇ ಗ್ರಂಥದ ಆರನೆಯ ಅಧ್ಯಾಯವು ದುಃಖ ಶೋಕಾದಿಗಳನ್ನು ಪರರಲ್ಲಿ ಉಂಟುಮಾಡುವುದನ್ನು ಮಾತ್ರವಲ್ಲ, ತನ್ನಲ್ಲಿ ತಾನೇ ಉಂಟುಮಾಡಿಕೊಳ್ಳುವುದನ್ನೂ ಅಸಾತವೇದನೀಯದ ಆಸ್ರವಕ್ಕೆ ಕಾರಣವೆನ್ನುತ್ತದೆ. ಅಹಿಂಸೆಯ ಪಾತ್ರರಲ್ಲಿ ತಾನೂ ಒಬ್ಬನೆಂಬ ಈ ಅಂಶ ಉಪದೇಶಗಳಲ್ಲಿ ಇನ್ನಷ್ಟು ಕೇಳಿಬರಬೇಕಾಗಿದೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಎರಡು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಸ್ಥಿತಿಕರಣವೆಂದರೆ ಜಾರುತ್ತಿರುವವನನ್ನು ಮತ್ತೆ ನೆಲೆಗೊಳಿಸುವುದು. ಅದಕ್ಕೆ ದೃಷ್ಟಾಂತನಾದ ವಾರಿಷೇಣ ಮುನಿ ತನ್ನ ಗೆಳೆಯನನ್ನು ಗದರಿಸಲಿಲ್ಲ. ಅವನ ಮನಸ್ಸು ಎಲ್ಲಿ ಸಿಕ್ಕಿಕೊಂಡಿದೆಯೆಂದು ಅರಿತು ಅಲ್ಲಿಗೇ ಅವನನ್ನು ಕರೆದೊಯ್ದು ಬಿಡಿಸಿದನು. ಇನ್ನೊಂದು ಉಪಗೂಹನ, ಎಂದರೆ ಸಾಧರ್ಮಿಯ ದೋಷವನ್ನು ಬಯಲಿಗೆಳೆಯದಿರುವುದು. ಈ ಎರಡನೆಯ ಅಂಗವನ್ನು ಸಮಾಜ ತಪ್ಪಾಗಿ ಅನ್ವಯಿಸುತ್ತಿದೆ. ಉಪಗೂಹನದ ಉದ್ದೇಶ ದೋಷಿಯ ಮಾನವನ್ನೂ ಧರ್ಮದ ಮಾನವನ್ನೂ ಕಾಯುವುದು. ರೋಗ ದೋಷವಲ್ಲ. ಮಧುಮೇಹವನ್ನು ಮುಚ್ಚಿಟ್ಟರೆ ಹೇಗೆ ಉಪಗೂಹನವಾಗುವುದಿಲ್ಲವೋ, ಮಗಳ ಖಿನ್ನತೆಯನ್ನು ಸಂಬಂಧ ಕೂಡಿಬರುವವರೆಗೆ ಮುಚ್ಚಿಟ್ಟರೂ ಆಗುವುದಿಲ್ಲ. ಊರಿನ ಮುಂದೆ ಸಾರದಿರುವುದು ಧರ್ಮ. ವೈದ್ಯನಿಂದ ಮರೆಮಾಡುವುದು ಹಿಂಸೆ.

ಆಧುನಿಕ ಅಧ್ಯಯನಗಳ ತೂಕ

ಭಾವವಿವೇಕವನ್ನು ಸರ್ವರೋಗಕ್ಕೂ ಮದ್ದೆಂಬಂತೆ ಪ್ರಚಾರ ಮಾಡುವವರೂ ಇದ್ದಾರೆ. 1995ರಲ್ಲಿ ಡೇನಿಯಲ್ ಗೋಲ್‌ಮನ್ನರ ಗ್ರಂಥ ಬಂದ ಮೇಲೆ ಅದು ಉದ್ಯಮಗಳ ತರಬೇತಿ ಕೋಣೆಗಳನ್ನು ಹೊಕ್ಕಿತು. ಭಾವವಿವೇಕ ಹೆಚ್ಚಿರುವವರಲ್ಲಿ ಮನಃಸ್ವಾಸ್ಥ್ಯವೂ ಉತ್ತಮವಾಗಿರುವುದನ್ನು ಅನೇಕ ಅಧ್ಯಯನಗಳ ಒಟ್ಟು ಪರಾಮರ್ಶೆಗಳು ತೋರಿಸಿವೆ. ಆದರೆ ಜನರು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಅಳತೆಯಲ್ಲಿ ಈ ಸಂಬಂಧ ಪ್ರಬಲವಾಗಿಯೂ, ಸಾಮರ್ಥ್ಯವನ್ನು ಪರೀಕ್ಷಿಸಿದ ಅಳತೆಯಲ್ಲಿ ಕ್ಷೀಣವಾಗಿಯೂ ಕಾಣುತ್ತದೆ. ಒಂದು ಇನ್ನೊಂದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಇದಕ್ಕಿಂತ ಗಂಭೀರವಾದ ಆಕ್ಷೇಪ ನೀತಿಗೆ ಸಂಬಂಧಿಸಿದುದು. ಪರರ ಭಾವವನ್ನು ಚೆನ್ನಾಗಿ ಓದಬಲ್ಲವನು ಅವರನ್ನು ವಂಚಿಸಲೂ ಬಲ್ಲನು. ಗಿರಾಕಿಯ ಆಸೆಯನ್ನೂ ರೈತನ ಅವಸರವನ್ನೂ ಮುಖದಲ್ಲೇ ಓದುವ ಚತುರತೆ ಅಚೌರ್ಯವ್ರತವಿಲ್ಲದವನ ಕೈಯಲ್ಲಿ ಮಾಯಾಕಷಾಯವಾಗುತ್ತದೆ. ಆದ್ದರಿಂದ ಮೌಲ್ಯವಿಲ್ಲದ ಭಾವವಿವೇಕಕ್ಕೆ ಈ ಪರಂಪರೆಯಲ್ಲಿ ಸ್ಥಾನವಿಲ್ಲ.

ಮೌಲ್ಯಗಳ ವಿಷಯದಲ್ಲಿಯೂ ಸರಳ ಸೂತ್ರ ಸಲ್ಲದು. ಶಾಲೋಮ್ ಶ್ವಾರ್ಟ್ಸ್ 1992ರಲ್ಲಿ ಮಾನವನ ಮೂಲಮೌಲ್ಯಗಳನ್ನು ಹತ್ತಾಗಿ ವರ್ಗೀಕರಿಸಿದರು. ಅವರೂ ಲಿಲಾಕ್ ಸಗಿವ್ ಅವರೂ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಣಿಜ್ಯ ಮತ್ತು ಮನಃಶಾಸ್ತ್ರದ ವಿದ್ಯಾರ್ಥಿಗಳ ನೆಮ್ಮದಿಯು ಅವರು ಯಾವ ಮೌಲ್ಯವನ್ನು ಹಿಡಿದಿದ್ದಾರೆಂಬುದರ ಜೊತೆಗೆ ಆ ಮೌಲ್ಯ ಅವರ ಪರಿಸರಕ್ಕೆ ಹೊಂದುತ್ತದೆಯೇ ಎಂಬುದನ್ನೂ ಅವಲಂಬಿಸಿತ್ತು. ತೊಗರಿಯ ಪೇಟೆಯಲ್ಲಿ ಸರಿಯಾದ ತೂಕವನ್ನೇ ಹಿಡಿಯುವ ವರ್ತಕನು ಸುತ್ತಲಿನವರು ಬೇರೆ ದಾರಿಯಲ್ಲಿ ಬೆಳೆಯುವುದನ್ನು ಕಂಡು ನೊಂದರೆ, ಅವನ ಮೌಲ್ಯ ತಪ್ಪೆಂದು ಅರ್ಥವಲ್ಲ. ಅದನ್ನು ಹೊತ್ತು ನಡೆಯಲು ಅವನಿಗೆ ಜೊತೆಗಾರರು ಬೇಕೆಂದು ಅರ್ಥ. ಪುಷ್ಪದಂತನಿಗೂ ಬೇಕಾಗಿದ್ದುದು ಅದೇ.

ವೃತ್ತಾಂತದ ಮಿತಿ

ವಿಮರ್ಶೆಯು ಮೆಚ್ಚಿಕೆಯಲ್ಲಿ ನಿಂತುಬಿಡಬಾರದು. ಈ ವೃತ್ತಾಂತ ಕವಿಯ ಬಾಯಿಂದ ಮಾತ್ರ ಬಂದುದು. ಆಶ್ರಯದಾತನನ್ನು ಹೊಗಳುವುದು ಕಾವ್ಯಸಂಪ್ರದಾಯ. ಕನಸಿನಲ್ಲಿ ಸರಸ್ವತಿ ಬರುವುದೂ ಕವಿಗಳಿಗೆ ಪರಿಚಿತವಾದ ಮಾರ್ಗ. ಮನೆಯ ಸ್ತ್ರೀಯರು, ಸೇವಕರು ಈ ಕವಿಯ ಮೌನವನ್ನು ಹೇಗೆ ಕಂಡರೆಂಬುದಕ್ಕೆ ಇಲ್ಲಿ ಸ್ಥಳವಿಲ್ಲ. ಇವೆಲ್ಲವನ್ನೂ ಕಳೆದ ಮೇಲೆಯೂ ಸಂಪ್ರದಾಯಕ್ಕೆ ಅನಗತ್ಯವಾದ ಒಂದು ಅಂಶ ಉಳಿಯುತ್ತದೆ: ತನ್ನ ಖಿನ್ನತೆಯನ್ನು ಶಲಾಕಾಪುರುಷರ ಚರಿತೆಯ ನಡುವೆ ಬರೆದಿಡಬೇಕೆಂದು ಕವಿಗೆ ತೋರಿದ್ದು.

ಇನ್ನೊಂದು ಮಿತಿ ಹೆಚ್ಚು ದುಃಖಕರವಾದುದು. ಭರತನ ಅನಂತರ ಅವನ ಮಗ ನನ್ನನು ಕವಿಗೆ ಆಶ್ರಯವಿತ್ತನು. ‘ಣಾಯಕುಮಾರಚರಿಉ’ ಮತ್ತು ‘ಜಸಹರಚರಿಉ’ ಅವನ ಮನೆಯಲ್ಲಿ ರಚಿತವಾದವು. ಕ್ರಿ.ಶ. 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಲೂಟಿ ಮಾಡಿದನು. ಧನಪಾಲನು ತನ್ನ ಪ್ರಾಕೃತ ಕೋಶದಲ್ಲಿ ಈ ಲೂಟಿಯ ವರ್ಷವನ್ನು ಗುರುತಿಸಿದ್ದಾನೆ. ನಗರ ಸುಟ್ಟುಹೋದ ಮೇಲೆ ಪುಷ್ಪದಂತನು ಇನ್ನೆಲ್ಲಿ ನೆಲೆಸಲಿ ಎಂಬ ಉದ್ಗಾರ ಅವನ ಕಾವ್ಯದ ಪ್ರತಿಗಳಲ್ಲಿ ಉಳಿದಿದೆ. ತೋಪಿನಲ್ಲಿ ಕುಳಿತಿದ್ದವನು ಮತ್ತೆ ಬೀದಿಗೆ ಬಂದನು. ಒಬ್ಬ ಸಜ್ಜನನ ಮನೆಯನ್ನು ಮಾತ್ರ ನಂಬಿದ ಆಸರೆ ಆ ಮನೆಯೊಂದಿಗೇ ಮುಗಿಯುತ್ತದೆ. ಆದ್ದರಿಂದ ಭರತನು ಮಾಡಿದ ಕೆಲಸವನ್ನು ಸಂಸ್ಥೆಗಳು ಮಾಡಬೇಕು.

ಬಸದಿಗಳ ಹೊಣೆ

ಈ ಭಾಗದಲ್ಲಿ ಅಂತಹ ಹೊಣೆಗೆ ಹಳೆಯ ಬೇರುಗಳಿವೆ. ಸೇಡಿಂಬವೆಂದು ಶಾಸನಗಳು ಕರೆಯುವ ಸೇಡಂನಲ್ಲಿ 12ನೆಯ ಶತಮಾನದಲ್ಲಿ ಅಲ್ಲಿನ ಮುನ್ನೂರು ಮಹಾಜನರು ಶಾಂತಿನಾಥ ಬಸದಿಯನ್ನು ಕಟ್ಟಿಸಿದರು. ಒಬ್ಬ ಅರಸನ ದಾನಕ್ಕಿಂತ ಊರಿನ ಸಮೂಹದ ಸಂಕಲ್ಪ ಅಲ್ಲಿ ಕೆಲಸಮಾಡಿತು. ಇಂದು ವಾಡಿ, ಶಹ��ಬಾದಗಳಲ್ಲಿ, ಚಿತ್ತಾಪುರ, ಚಿಂಚೋಳಿಗಳಲ್ಲಿ ಜೈನ ಮನೆಗಳು ಚದುರಿವೆ. ಓದು ಮತ್ತು ಉದ್ಯೋಗಕ್ಕಾಗಿ ಮಕ್ಕಳು ಹೈದರಾಬಾದು, ಪುಣೆ, ಬೆಂಗಳೂರು ಸೇರಿದ ಮೇಲೆ ಅಂಗಡಿಯನ್ನೂ ದೇವರ ಕೋಣೆಯನ್ನೂ ನೋಡಿಕೊಂಡು ಉಳಿದ ವೃದ್ಧರ ಏಕಾಂತ ಪುಷ್ಪದಂತನ ಏಕಾಂತಕ್ಕಿಂತ ಕಡಿಮೆಯದಲ್ಲ.

ಸಮಸ್ಯೆಯ ವ್ಯಾಪ್ತಿಯನ್ನು ಅಂಕಿಗಳೂ ಹೇಳುತ್ತವೆ. ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಆ ಹೊತ್ತಿಗೆ ಮನೋವ್ಯಾಧಿಯಿಂದ ಬಳಲುತ್ತಿದ್ದರು. ಬೇರೆಬೇರೆ ವ್ಯಾಧಿಗಳಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಸಾಮಾನ್ಯ ವೈದ್ಯರೂ ತರಬೇತಿ ಪಡೆದರೆ ಇಂತಹ ರೋಗಿಗಳನ್ನು ನೋಡಿಕೊಳ್ಳಬಲ್ಲರೆಂಬುದನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ ತೋರಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಚಿಕಿತ್ಸೆಯನ್ನೂ ಗೌಪ್ಯತೆಯನ್ನೂ ಹಕ್ಕಾಗಿಸಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ, ಹಗಲಿರುಳು, ಉಚಿತವಾಗಿ ಸಲಹೆ ಪಡೆಯಬಹುದು.

ಬಸದಿಗಳ ಆಡಳಿತ ಮಂಡಳಿಗಳು ಪೂಜೆಯ ವೇಳಾಪಟ್ಟಿಯ ಪಕ್ಕದಲ್ಲಿ ಈ ಸಂಖ್ಯೆಯನ್ನು ಬರೆಯಿಸಿದರೆ ಧರ್ಮಕ್ಕೆ ಲೋಪವೇನೂ ಬಾರದು. ದಶಲಕ್ಷಣ ಪರ್ವದ ಒಂದು ದಿನದ ಪ್ರವಚನವನ್ನು ಆರ್ತಧ್ಯಾನ ಮತ್ತು ಸ್ಥಿತಿಕರಣಗಳಿಗೆ ಮೀಸಲಿಟ್ಟು, ವೈದ್ಯರೊಬ್ಬರನ್ನೂ ಆಹ್ವಾನಿಸಬಹುದು. ದರ್ಶನಕ್ಕೆ ಬರುವುದನ್ನು ನಿಲ್ಲಿಸಿದವರ ಮನೆಗೆ ಇಬ್ಬರು ಹೋಗಿ ಬರುವ ಕ್ರಮವನ್ನು ಇರಿಸಿಕೊಳ್ಳಬಹುದು. ಮಾನ್ಯಖೇಟದ ತೋಪಿಗೆ ಹೋದವರೂ ಇಬ್ಬರೇ. ಕ್ಷಮಾವಾಣಿಯ ದಿನ ಎಲ್ಲರಿಗೂ ಒಂದೇ ಮಾತನ್ನು ಅಚ್ಚಿನ ಪತ್ರದಲ್ಲಿ ಕಳಿಸುವ ಬದಲು, ಮನಸ್ಸಿನಲ್ಲಿ ಎಳೆ ಉಳಿದಿರುವ ಒಬ್ಬರ ಮನೆಗಾದರೂ ನಡೆದು ಹೋಗಬಹುದು. ಖಿನ್ನತೆ ತೀವ್ರವಾಗಿದ್ದಲ್ಲಿ ಸಾಂತ್ವನದಿಂದ ತೃಪ್ತರಾಗದೆ ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಬೇಕು. ಭರತಮಂತ್ರಿಯ ಕಾಲದಲ್ಲಿ ಇಲ್ಲದ ಔಷಧಗಳು ಇಂದು ಇವೆ.

ಪುಷ್ಪದಂತನ ಮಹಾಪುರಾಣವನ್ನು ಪಿ.ಎಲ್. ವೈದ್ಯರು ಸಂಪಾದಿಸಿ ಮೂರು ಸಂಪುಟಗಳಲ್ಲಿ 1937ರಿಂದ 1941ರ ಅವಧಿಯಲ್ಲಿ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಅದರ 38ನೆಯ ಸಂಧಿಯ ಆರಂಭವನ್ನು ಒಮ್ಮೆ ಶಾಸ್ತ್ರಸಭೆಯಲ್ಲಿ ಅರ್ಥಸಹಿತವಾಗಿ ಓದಿಸುವುದು ಯೋಗ್ಯ. ತನ್ನ ಮನಸ್ಸು ಕೆಟ್ಟಿದೆಯೆಂದು ಯಾರಿಗೂ ಹೇಳಲಾಗದೆ ಆ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ಯಾರಾದರೂ, ತೀರ್ಥಂಕರರ ಚರಿತೆ ಬರೆದವನಿಗೂ ಹೀಗಾಗಿತ್ತೆಂದು ಕೇಳಿ, ಮನೆಗೆ ಹೋಗುವ ಮೊದಲು ಪಕ್ಕದವರೊಡನೆ ಒಂದು ಮಾತಾಡಲು ಧೈರ್ಯ ತಂದುಕೊಂಡಾರು.